ಹೇಳಿಕೊಳ್ಳಲಾಗದ ನ್ಯೂನತೆಯ ಎರಡು ಸಾವಿರ ವರ್ಷ

ಬಾಣಂತಿ ಇರುವ ಮನೆ. ಹಂಡೆಯಲ್ಲಿ ನೀರು ಕಾದಿದೆ. ಬಚ್ಚಲಲ್ಲಿ ಕಾಲು ನೀಡಿ ಕುಳಿತ ಅಜ್ಜಿ ಹತ್ತು ದಿನದ ಗಂಡುಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಾಳೆ. ಹೀಗೆ ಮಲಗಿಸಿದಾಗ ಗಂಡುಮಗು ಉಚ್ಚೆ ಹೊಯ್ದು, ಅದು ಚಿಮ್ಮಿ ನೀರೆರೆಯುವವಳ ಮುಖಕ್ಕೇ ಬಿದ್ದರೆ ಮನೆಯವರೆಲ್ಲ ನಗುವುದು ವಾಡಿಕೆ. ಆದರೆ ಈ ಮಗುವಿನದು ಮೇಲಕ್ಕೆ ಚಿಮ್ಮುವುದಿಲ್ಲ. ಕೆಳಮುಖವಾಗಿ ಹರಿದು ಅದರ ತೊಡೆಯನ್ನೇ ನೆನೆಸುತ್ತದೆ. ಅಜ್ಜಿ ಬಗ್ಗಿ ನೋಡುತ್ತಾಳೆ. ತುದಿಯಲ್ಲಿರಬೇಕಾದ ರಂಧ್ರ ಸ್ವಲ್ಪ ಕೆಳಗಿದೆ. ಅವಳು ಬಾಣಂತಿಯ ಮುಖ ನೋಡಿ ದನಿ ತಗ್ಗಿಸುತ್ತಾಳೆ: ‘ಯಾರ ಹತ್ರಾನೂ ಹೇಳ್ಬೇಡ ಕಣೇ.’

ಇದು ಒಂದು ಮನೆಯ ಕಥೆಯಲ್ಲ. ಎಷ್ಟೋ ಮನೆಗಳಲ್ಲಿ ಹೀಗೆ ಪಿಸುಮಾತಿನಲ್ಲಿ ಶುರುವಾಗಿ ಪಿಸುಮಾತಿನಲ್ಲೇ ಉಳಿದುಬಿಡುವ ಈ ಹುಟ್ಟು ನ್ಯೂನತೆಗೆ ವೈದ್ಯರು ಇಟ್ಟಿರುವ ಹೆಸರು ಹೈಪೋಸ್ಪೇಡಿಯಾಸ್. ಗಂಡುಮಗುವಿನ ಮೂತ್ರದ್ವಾರ ಶಿಶ್ನದ ತುದಿಯಲ್ಲಿರದೆ ಅದರ ಕೆಳಮೈಯಲ್ಲಿ ಎಲ್ಲೋ ಒಂದು ಕಡೆ ತೆರೆದುಕೊಂಡಿರುವುದೇ ಈ ಸ್ಥಿತಿ. ಹೆಸರು ಅಪರಿಚಿತ ಎನಿಸಬಹುದು, ಆದರೆ ಇದು ಅಪರೂಪದ್ದಲ್ಲ. ದೇಶದಿಂದ ದೇಶಕ್ಕೆ ಲೆಕ್ಕ ಬೇರೆ ಬೇರೆಯಾದರೂ, ಹುಟ್ಟುವ ಸುಮಾರು 250ರಿಂದ 300 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಒಂದು ಊರಿನ ಆಸ್ಪತ್ರೆಯಲ್ಲಿ ವರ್ಷಕ್ಕೆ 3,000 ಹೆರಿಗೆ ಆಗುತ್ತವೆ ಎಂದಿಟ್ಟುಕೊಂಡರೆ ಅಲ್ಲಿ ಇಂಥ ಐದಾರು ಮಕ್ಕಳು ಹುಟ್ಟುತ್ತಾರೆ. 600 ಹುಡುಗರು ಓದುವ ಶಾಲೆಯಲ್ಲಿ ಇಬ್ಬರಾದರೂ ಇರಬೇಕು. ಆದರೂ ಸೀಳುತುಟಿಯ ಬಗ್ಗೆ ಗೊತ್ತಿರುವ ಜನರಿಗೆ ಇದರ ಬಗ್ಗೆ ಗೊತ್ತಿಲ್ಲ. ಸೀಳುತುಟಿ ಎಲ್ಲರಿಗೂ ಕಾಣುತ್ತದೆ, ಇದು ಚಡ್ಡಿಯೊಳಗೆ ಮುಚ್ಚಿಹೋಗುತ್ತದೆ.

ಗರ್ಭದಲ್ಲಿ ನಡೆಯುವುದೇನು?

ಗರ್ಭ ಕಟ್ಟಿದ ಮೊದಲ ಏಳೆಂಟು ವಾರ ಗಂಡು ಹೆಣ್ಣು ಎರಡೂ ಭ್ರೂಣಗಳ ಹೊರ ಜನನಾಂಗ ನೋಡಲು ಒಂದೇ ಥರ ಇರುತ್ತದೆ: ಒಂದು ಸಣ್ಣ ಉಬ್ಬು, ಅದರ ಕೆಳಗೊಂದು ಕಾಲುವೆ, ಕಾಲುವೆಯ ಎರಡು ಬದಿಗೆ ಎರಡು ಮಡಿಕೆ. ಗಂಡುಭ್ರೂಣದ ವೃಷಣಗಳು ಟೆಸ್ಟೋಸ್ಟಿರೋನ್ ಎಂಬ ರಸವನ್ನು ತಯಾರಿಸತೊಡಗಿದ ಮೇಲೆ ಆ ಉಬ್ಬು ಬೆಳೆದು ಶಿಶ್ನವಾಗುತ್ತದೆ. ಕಾಲುವೆಯ ಎರಡು ಅಂಚುಗಳು ಬುಡದಿಂದ ತುದಿಯ ಕಡೆಗೆ, ಚೀಲದ ಜಿಪ್ ಎಳೆದಂತೆ, ಒಂದಕ್ಕೊಂದು ಸೇರುತ್ತಾ ಹೋಗಿ ಕೊಳವೆಯಾಗುತ್ತದೆ. ಅದೇ ಮೂತ್ರನಾಳ. ನಾಲ್ಕನೆಯ ತಿಂಗಳ ಹೊತ್ತಿಗೆ ಈ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ.

ಈ ಜಿಪ್ ನಡುವೆ ಎಲ್ಲಾದರೂ ನಿಂತುಹೋದರೆ ಅಲ್ಲಿಯೇ ಮೂತ್ರದ್ವಾರ ಉಳಿದುಕೊಳ್ಳುತ್ತದೆ. ತುದಿಯ ಹತ್ತಿರ ನಿಂತರೆ ಸೌಮ್ಯ ರೂಪ. ಹತ್ತರಲ್ಲಿ ಏಳರಷ್ಟು ಮಕ್ಕಳದು ಈ ಬಗೆಯದು. ನಡುವಿನಲ್ಲೋ ಬುಡದಲ್ಲೋ ನಿಂತರೆ ತೀವ್ರ ರೂಪ. ಇದರ ಜೊತೆಗೆ ಇನ್ನೆರಡು ಲಕ್ಷಣಗಳು ಸಾಮಾನ್ಯ. ಒಂದು, ಶಿಶ್ನ ಕೆಳಕ್ಕೆ ಬಾಗಿರುವುದು. ಇನ್ನೊಂದು, ಮುಂದೊಗಲು ಸುತ್ತಲೂ ಬೆಳೆಯದೆ ಮೇಲ್ಭಾಗದಲ್ಲಿ ಮಾತ್ರ ಕೊಪ್ಪೆಯಂತೆ ಕೂಡಿಕೊಂಡಿರುವುದು.

ಜಿಪ್ ನಿಲ್ಲುವುದೇಕೆ? ಬಹುಪಾಲು ಮಕ್ಕಳಲ್ಲಿ ಇಂಥದೇ ಒಂದು ಕಾರಣ ಎಂದು ಬೊಟ್ಟು ಮಾಡಲಾಗದು. ತಂದೆಗೋ ಅಣ್ಣನಿಗೋ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಹುಟ್ಟುವಾಗ ತೂಕ ತೀರಾ ಕಡಿಮೆ ಇರುವ ಮಕ್ಕಳಲ್ಲಿಯೂ ಹೆಚ್ಚು. ಕೆಲವರಲ್ಲಿ ಹಾರ್ಮೋನುಗಳ ತಯಾರಿಕೆಯಲ್ಲೇ ತೊಡಕಿರುತ್ತದೆ. ಆದರೆ ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು, ತಿನ್ನಬಾರದ್ದನ್ನು ತಿಂದಳು ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಹತ್ತು ವಾರದ ಭ್ರೂಣದೊಳಗೆ ನಡೆಯುವ ಈ ಕೆಲಸಕ್ಕೆ ತಾಯಿಯನ್ನು ಹೊಣೆ ಮಾಡುವುದು ಅನ್ಯಾಯ.

ಹಳಬರು ಕಂಡದ್ದು

ಈ ನ್ಯೂನತೆಯನ್ನು ಬರೆದಿಟ್ಟವರಲ್ಲಿ ತೀರಾ ಹಳಬ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಪ್ರಾಣಿಗಳ ಸಂತಾನೋತ್ಪತ್ತಿಯ ಬಗ್ಗೆ ಬರೆದ ಗ್ರಂಥದಲ್ಲಿ, ಕೆಲವು ಗಂಡುಮಕ್ಕಳಿಗೆ ಮೂತ್ರ ಹೊರಬರುವ ದಾರಿ ಕೆಳಗಿರುತ್ತದೆ, ಆದ್ದರಿಂದ ಅವರು ಕುಳಿತು ಮೂತ್ರ ಮಾಡುತ್ತಾರೆ ಎಂದು ಆತ ಹೇಳುತ್ತಾನೆ. ವೃಷಣಗಳು ಮೇಲಕ್ಕೆ ಸರಿದಾಗ ಅಂಥವರು ದೂರದಿಂದ ನೋಡುವವರಿಗೆ ಗಂಡೂ ಹೆಣ್ಣೂ ಎರಡೂ ಆಗಿರುವಂತೆ ಕಾಣುತ್ತಾರೆ ಎಂದೂ ಸೇರಿಸುತ್ತಾನೆ. ಇಂದಿಗೂ ಮನೆಯವರನ್ನು ಕಾಡುವ ಎರಡು ಚಿಂತೆಗಳು, ‘ಕೂತು ಮಾಡಬೇಕೇ?’ ಮತ್ತು ‘ಮಗು ಗಂಡೋ ಹೆಣ್ಣೋ?’ ಎಂಬವು, ಆಗಲೇ ಹೀಗೆ ದಾಖಲಾಗಿವೆ.

ಹೆಸರು ಬಂದದ್ದು ಕ್ರಿಸ್ತಶಕ 2ನೆಯ ಶತಮಾನದ ವೈದ್ಯ ಗ್ಯಾಲೆನ್‌ನಿಂದ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಹೈಪೋ’ ಎಂದರೆ ಕೆಳಗೆ, ‘ಸ್ಪೇಡಾನ್’ ಎಂದರೆ ಸೀಳು. ಗ್ಯಾಲೆನ್ ಹೆಸರಿಟ್ಟು ಸುಮ್ಮನಾಗಲಿಲ್ಲ. ಇಂಥ ಗಂಡಸರಿಗೆ ಮಕ್ಕಳಾಗದಿದ್ದರೆ ಅದು ವೀರ್ಯದ ದೋಷವಲ್ಲ, ಬಾಗಿದ ಶಿಶ್ನದಿಂದಾಗಿ ಅದು ಮುಂದಕ್ಕೆ ಸಾಗದಿರುವುದೇ ಕಾರಣ ಎಂದು ವಾದಿಸಿದ. ಗಂಡಸುತನವನ್ನೇ ಶಂಕಿಸುವ ಜನರಿಗೆ ಆತ ಕೊಟ್ಟ ಉತ್ತರ ಇಂದಿನ ವೈದ್ಯರ ಉತ್ತರಕ್ಕಿಂತ ಬಹಳ ದೂರವೇನಿಲ್ಲ.

ಆದರೆ ಚಿಕಿತ್ಸೆಯ ವಿಷಯ ಬಂದಾಗ ಆ ಕಾಲದ ಕೈಗಳು ಅಷ್ಟು ಮೃದುವಾಗಿರಲಿಲ್ಲ. ಗ್ರೀಕ್ ಪರಂಪರೆಯ ಹೆಲಿಯೋಡೋರಸ್, ಆಂಟಿಲಸ್ ಮುಂತಾದ ಶಸ್ತ್ರವೈದ್ಯರ ವಿಧಾನ ಸರಳವಾಗಿತ್ತು: ರಂಧ್ರ ತುದಿಯಲ್ಲಿಲ್ಲವೇ, ರಂಧ್ರದಿಂದ ಮುಂದಿರುವ ತುದಿಯನ್ನೇ ಕತ್ತರಿಸಿಬಿಡುವುದು. ರಕ್ತ ನಿಲ್ಲದಿದ್ದರೆ ಕಾಸಿದ ಕಬ್ಬಿಣದಿಂದ ಸುಡುವುದು. ಹೀಗೆ ಮಾಡಿದರೆ ರಂಧ್ರವೇನೋ ‘ತುದಿಗೆ’ ಬಂದಂತಾಗುತ್ತದೆ. 7ನೆಯ ಶತಮಾನದ ಪೌಲ್ ಎಂಬ ವೈದ್ಯನ ಗ್ರಂಥದವರೆಗೂ ಈ ಕ್ರಮ ಮುಂದುವರಿದು ಬಂತು.

ರಾಣಿಯ ಮೇಲೆ ಬಂದ ಅಪವಾದ

ಈ ನ್ಯೂನತೆಯ ಹೊರೆಯನ್ನು ಗಂಡಸರಷ್ಟೇ ಹೊತ್ತಿಲ್ಲ. ಫ್ರಾನ್ಸಿನ ರಾಜಮನೆತನದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. 1533ರಲ್ಲಿ ರಾಜಕುಮಾರ ಹೆನ್ರಿಗೂ ಇಟಲಿಯ ಕ್ಯಾಥರಿನ್ ಡಿ ಮೆಡಿಚಿಗೂ ಮದುವೆಯಾಯಿತು. ಇಬ್ಬರಿಗೂ ಆಗ 14 ವರ್ಷ. ಹತ್ತು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಹೆನ್ರಿಗೆ ಬೇರೊಬ್ಬಳಲ್ಲಿ ಒಂದು ಹೆಣ್ಣುಮಗು ಹುಟ್ಟಿದ್ದರಿಂದ ಅಪವಾದವೆಲ್ಲ ಕ್ಯಾಥರಿನ್‌ಳ ತಲೆಗೇ ಬಂತು. ಬಂಜೆ ಎಂಬ ಹಣೆಪಟ್ಟಿ ಹೊತ್ತ ಆಕೆಯನ್ನು ತವರಿಗೆ ಕಳಿಸಿ ರಾಜಕುಮಾರನಿಗೆ ಇನ್ನೊಂದು ಮದುವೆ ಮಾಡುವ ಮಾತೂ ಅರಮನೆಯಲ್ಲಿ ಎದ್ದಿತು. ಆಕೆ ಮಾಡದ ಔಷಧವಿಲ್ಲ, ಕಟ್ಟದ ತಾಯಿತವಿಲ್ಲ ಎನ್ನುತ್ತಾರೆ.

ಹೆನ್ರಿಗೆ ಹೈಪೋಸ್ಪೇಡಿಯಾಸ್ ಇತ್ತು, ಜೊತೆಗೆ ಶಿಶ್ನ ಬಾಗಿತ್ತು ಎಂಬುದು ಹಲವು ವೈದ್ಯ ಇತಿಹಾಸಕಾರರ ಅಭಿಪ್ರಾಯ. ರಾಜವೈದ್ಯ ಜಾನ್ ಫೆರ್ನೆಲ್ ಕೊಟ್ಟ ಸಲಹೆಯಿಂದ ದಂಪತಿಗೆ ಸಂತಾನವಾಯಿತು ಎಂಬ ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. ಸಲಹೆ ಏನಿತ್ತೋ, ಫಲವಂತೂ ಇತಿಹಾಸದಲ್ಲಿದೆ: 1544ರ ಜನವರಿಯಲ್ಲಿ ಮೊದಲ ಮಗ ಹುಟ್ಟಿದ. ಮುಂದೆ ಒಟ್ಟು ಹತ್ತು ಮಕ್ಕಳಾದರು. ಅವರಲ್ಲಿ ಮೂವರು ಫ್ರಾನ್ಸಿನ ರಾಜರಾದರು. ಮಕ್ಕಳಾಗಲಿಲ್ಲವೆಂದು ಸೊಸೆಯನ್ನು ಮಾತ್ರ ದೇವಸ್ಥಾನಕ್ಕೂ ಆಸ್ಪತ್ರೆಗೂ ಅಲೆಸುವ ನಮ್ಮ ಮನೆಗಳು ಗಮನಿಸಬೇಕಾದ ಪ್ರಸಂಗ ಇದು.

ಪಕ್ಕದ ಚರ್ಮದ ಸಾಲ

ಕತ್ತರಿಸುವುದರಿಂದ ಕಟ್ಟುವುದರ ಕಡೆಗೆ ಶಸ್ತ್ರವೈದ್ಯ ತಿರುಗಿದ್ದು 19ನೆಯ ಶತಮಾನದಲ್ಲಿ. ಆ ತಿರುವಿನ ಹಿಂದೆ ಮೈಸೂರಿಗೆ ಸಂಬಂಧಪಟ್ಟ ಒಂದು ಮೂಗಿನ ಕಥೆ ಇದೆ.

ಮೂರನೆಯ ಮೈಸೂರು ಯುದ್ಧದಲ್ಲಿ ಕೌಸ್‌ಜಿ ಎಂಬ ಮರಾಠಿ ರೈತ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುವ ಕೆಲಸಕ್ಕಿದ್ದ. 1792ರಲ್ಲಿ ಟಿಪ್ಪು ಸುಲ್ತಾನನ ಕಡೆಯವರ ಕೈಗೆ ಸೆರೆ ಸಿಕ್ಕಿದ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಮುಂದೆ ಪುಣೆಯ ಬಳಿ ಕುಂಬಾರ ಜಾತಿಯ ಒಬ್ಬ ವೈದ್ಯ ಅವನ ಹಣೆಯ ಚರ್ಮವನ್ನು ಬುಡ ಕಡಿಯದಂತೆ ಬಿಡಿಸಿ, ಕೆಳಕ್ಕೆ ತಿರುಗಿಸಿ ಹೊಲಿದು ಹೊಸ ಮೂಗು ಮಾಡಿಕೊಟ್ಟ. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಹೇಳಿದೆ. ಅದೇ ಕುಲದ ವಿದ್ಯೆ ಇದು. ಈ ಸುದ್ದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರಸಹಿತ ಅಚ್ಚಾಯಿತು. ಲಂಡನ್ನಿನಲ್ಲಿ ಕಾರ್ಪ್ಯೂ ಎಂಬ ವೈದ್ಯ ಈ ವಿಧಾನವನ್ನು ಮಾಡಿ ತೋರಿಸಿ 1816ರಲ್ಲಿ ಪುಸ್ತಕ ಬರೆದ. ಬರ್ಲಿನ್ನಿನ ಗ್ರೇಫೆ 1818ರಲ್ಲಿ ಮೂಗು ಕಟ್ಟುವುದರ ಬಗ್ಗೆ ಇನ್ನೊಂದು ಪುಸ್ತಕ ಬರೆದ. ರಕ್ತಸಂಚಾರ ತಪ್ಪದಂತೆ ಪಕ್ಕದ ಚರ್ಮವನ್ನು ಸಾಲ ತರಬಹುದು ಎಂಬ ನಂಬಿಕೆ ಯುರೋಪಿನಲ್ಲಿ ಬೇರೂರಿತು.

ಬರ್ಲಿನ್ನಿನಲ್ಲಿ ಗ್ರೇಫೆಯ ನಂತರ ಬಂದ ಡೀಫೆನ್‌ಬಾಖ್ ಕೂಡ ಮೂಗು ಕಟ್ಟುವುದರಲ್ಲಿ ಹೆಸರು ಮಾಡಿದವನು. 1830ರ ದಶಕದಲ್ಲಿ ಹೈಪೋಸ್ಪೇಡಿಯಾಸನ್ನು ಸರಿಪಡಿಸಲು ಯತ್ನಿಸಿದವರಲ್ಲಿ ಅವನೂ ಒಬ್ಬ. ಅವನಿಗೆ ಯಶಸ್ಸು ಸಿಗಲಿಲ್ಲ. ಫ್ರಾನ್ಸಿನ ಡ್ಯುಪ್ಲೇ 1874ರಲ್ಲಿ ಪ್ರಕಟಿಸಿದ ವಿಧಾನ ನಿಂತಿತು: ಮೊದಲು ಬಾಗನ್ನು ನೇರ ಮಾಡುವುದು, ಆಮೇಲೆ ಅಲ್ಲಿಯದೇ ಚರ್ಮವನ್ನು ಸುರುಳಿ ಮಾಡಿ ಕೊಳವೆ ಕಟ್ಟುವುದು, ಕೊನೆಗೆ ಅದನ್ನು ಹಳೆಯ ಮೂತ್ರನಾಳಕ್ಕೆ ಜೋಡಿಸುವುದು. ಇದು ಎರಡು ಮೂರು ಸಲದ ಶಸ್ತ್ರಕ್ರಿಯೆ, ತಿಂಗಳುಗಟ್ಟಲೆಯ ಕೆಲಸ.

ಇದನ್ನು ಒಂದೇ ಸಲಕ್ಕೆ ಮುಗಿಸುವ ದಾರಿ ಹುಡುಕಿದವರಲ್ಲಿ ಭಾರತೀಯರೊಬ್ಬರ ಹೆಸರು ಜಗತ್ತಿನ ಪಠ್ಯಪುಸ್ತಕಗಳಲ್ಲಿದೆ. ಆಗ್ರಾದ ಡಾ. ಹರಿಶಂಕರ್ ಅಸೋಪಾ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಮೇಲ್ಗಡೆ ಕೊಪ್ಪೆಯಂತೆ ಕೂಡಿಕೊಂಡಿರುವ ಮುಂದೊಗಲಿನ ಒಳಪದರವನ್ನೇ ಕೊಳವೆ ಮಾಡಿ, ಕೆಳಕ್ಕೆ ತಿರುಗಿಸಿ ಮೂತ್ರನಾಳವಾಗಿಸಲಾಗುತ್ತದೆ. ‘ಅಸೋಪಾ ವಿಧಾನ’ ಎಂದೇ ಅದಕ್ಕೆ ಹೆಸರು. 1994ರಲ್ಲಿ ಅಮೆರಿಕದ ವಾರನ್ ಸ್ನಾಡ್‌ಗ್ರಾಸ್ ಇನ್ನೂ ಸರಳವಾದ ಉಪಾಯ ಹೇಳಿದರು. ಸುರುಳಿ ಮಾಡಲು ಸಾಲದಷ್ಟು ಕಿರಿದಾಗಿರುವ ಪಟ್ಟಿಯ ನಡುವೆ ಉದ್ದಕ್ಕೆ ಒಂದು ಗೀರು ಹಾಕಿದರೆ ಅದು ಅಗಲವಾಗುತ್ತದೆ, ಆಗ ಹೊರಗಿನ ಚರ್ಮ ತರದೆಯೇ ಕೊಳವೆ ಮಾಡಬಹುದು. ಸೌಮ್ಯ ರೂಪದ ನ್ಯೂನತೆಗೆ ಇಂದು ಜಗತ್ತಿನಾದ್ಯಂತ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ. ಒಟ್ಟಾರೆ ಮುನ್ನೂರಕ್ಕೂ ಹೆಚ್ಚು ವಿಧಾನಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಒಂದು ರೋಗಕ್ಕೆ ಇಷ್ಟು ಮದ್ದುಗಳಿವೆ ಎಂದರೆ ಎಲ್ಲರಿಗೂ ಒಗ್ಗುವ ಮದ್ದು ಯಾವುದೂ ಇಲ್ಲ ಎಂದೇ ಅರ್ಥ.

ಸುನ್ನತ್ ಮಾಡಿಸುವ ಮುನ್ನ

ಮುಂದೊಗಲು ಹೊಸ ಮೂತ್ರನಾಳಕ್ಕೆ ಬೇಕಾಗಬಹುದಾದ ಬಟ್ಟೆ ಎಂದು ತಿಳಿದ ಮೇಲೆ ಒಂದು ಎಚ್ಚರಿಕೆ ತಾನಾಗಿಯೇ ಬರುತ್ತದೆ. ಈ ನ್ಯೂನತೆ ಇರುವ ಮಗುವಿಗೆ ವೈದ್ಯರು ನೋಡುವವರೆಗೂ ಸುನ್ನತ್ ಮಾಡಿಸಬಾರದು. ಒಮ್ಮೆ ಆ ಚರ್ಮವನ್ನು ತೆಗೆದು ಎಸೆದರೆ ಮುಂದೆ ಬೇಕಾದಾಗ ಸಿಗುವುದಿಲ್ಲ. ಕೆಲವೊಮ್ಮೆ ಬಾಯಿಯ ಒಳಪೊರೆಯಿಂದ ತಂದು ತೇಪೆ ಹಾಕಬೇಕಾಗುತ್ತದೆ.

ಮುಂದೊಗಲು ಕೆಳಭಾಗದಲ್ಲಿ ಇಲ್ಲದಿರುವುದರಿಂದ ಇಂಥ ಮಗು ಹುಟ್ಟುವಾಗಲೇ ಅರ್ಧ ಸುನ್ನತ್ ಆದಂತೆ ಕಾಣುತ್ತದೆ. ತುರ್ಕಿಯಲ್ಲಿ ಇದಕ್ಕೆ ‘ಪ್ರವಾದಿಯ ಸುನ್ನತ್’ ಎಂಬ ಗೌರವದ ಹೆಸರೇ ಇದೆ. ಸುನ್ನತ್ ಆಗಿಯೇ ಹುಟ್ಟಿದ ಮಗುವಿನ ಮಾತು ಯಹೂದಿ ಸಂಪ್ರದಾಯದಲ್ಲಿಯೂ ಬರುತ್ತದೆ. ನಾಚಿಕೆಯ ವಿಷಯವನ್ನು ಅನುಗ್ರಹವೆಂದು ಕಂಡ ಈ ದೃಷ್ಟಿಯಲ್ಲಿ ಒಂದು ದೊಡ್ಡತನವಿದೆ. ಮಗುವಿನ ಆರೋಗ್ಯದ ಸಲುವಾಗಿ ಸುನ್ನತನ್ನು ಮುಂದೂಡಲು ಯಹೂದಿ ಧರ್ಮಶಾಸ್ತ್ರದಲ್ಲಿ ಅವಕಾಶವಿದೆ. ಮುಸ್ಲಿಮರಲ್ಲಿಯೂ ಇಂಥದೇ ವಯಸ್ಸಿನಲ್ಲಿ ಆಗಬೇಕೆಂಬ ಕಟ್ಟು ಎಲ್ಲೆಡೆ ಒಂದೇ ಥರ ಇಲ್ಲ. ಹಾಗಾಗಿ ಕಾಯುವುದಕ್ಕೆ ಧರ್ಮ ಅಡ್ಡಿಯಲ್ಲ.

ಎಲ್ಲರಿಗೂ ಬೇಕೇ?

ಈಚಿನ ದಶಕಗಳಲ್ಲಿ ವೈದ್ಯರೇ ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು. ಜರ್ಮನಿಯ ಮೈಂಜ್ ನಗರದ ವೈದ್ಯರು ಬೇರೆ ಕಾಯಿಲೆಗಾಗಿ ಆಸ್ಪತ್ರೆ ಸೇರಿದ್ದ 500 ಗಂಡಸರನ್ನು ಪರೀಕ್ಷಿಸಿ 1995ರಲ್ಲಿ ಒಂದು ವರದಿ ಪ್ರಕಟಿಸಿದರು. ಪುಸ್ತಕದಲ್ಲಿ ಹೇಳಿದ ಜಾಗದಲ್ಲೇ ಮೂತ್ರದ್ವಾರ ಇದ್ದದ್ದು ಶೇ. 55 ಮಂದಿಗೆ ಮಾತ್ರ. ಶೇ. 13 ಮಂದಿಗೆ ಹೈಪೋಸ್ಪೇಡಿಯಾಸ್ ಇತ್ತು. ಅವರಲ್ಲಿ ಬಹುತೇಕರಿಗೆ ತಮಗೊಂದು ನ್ಯೂನತೆ ಇದೆ ಎಂಬುದೇ ಗೊತ್ತಿರಲಿಲ್ಲ. ನಿಂತು ಮೂತ್ರ ಮಾಡುತ್ತಿದ್ದರು, ಸಂಸಾರ ನಡೆಸಿದ್ದರು. ಹಾಗಾದರೆ ತೀರಾ ಸೌಮ್ಯವಾದದ್ದಕ್ಕೆಲ್ಲ ಕತ್ತಿ ಹಿಡಿಯಬೇಕೇ ಎಂದು ಆ ವೈದ್ಯರು ಕೇಳಿದರು.

ಮೂತ್ರದ ಧಾರೆ ಚೆಲ್ಲಾಪಿಲ್ಲಿಯಾಗುತ್ತಿದ್ದರೆ, ಶಿಶ್ನ ಬಾಗಿದ್ದರೆ, ರಂಧ್ರ ತೀರಾ ಕೆಳಗಿದ್ದರೆ ಶಸ್ತ್ರಕ್ರಿಯೆಯಿಂದ ಲಾಭ ಖಚಿತ. ಸಾಮಾನ್ಯವಾಗಿ ಮಗುವಿಗೆ 6ರಿಂದ 18 ತಿಂಗಳಾಗುವ ನಡುವೆ ಮಾಡಿಸುವುದು ಒಳ್ಳೆಯದೆಂಬ ಅಭಿಪ್ರಾಯವಿದೆ. ಆ ವಯಸ್ಸಿನ ನೋವು ಮಗುವಿನ ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ಹೊಲಿಗೆ ಬಿಟ್ಟು ಪಕ್ಕದಲ್ಲಿ ಸಣ್ಣ ತೂತು ಬೀಳುವುದು, ಹೊಸ ನಾಳ ಕಿರಿದಾಗುವುದು ಮುಂತಾದ ತೊಡಕುಗಳೂ ಇವೆ. ಎರಡನೆಯ ಸಲ ಮಾಡಿಸಬೇಕಾಗಿ ಬರಬಹುದು. ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಳ್ಳುವುದು ತಂದೆತಾಯಿಯ ಹಕ್ಕು. ಮಕ್ಕಳ ಶಸ್ತ್ರತಜ್ಞರಲ್ಲಿ ಇದನ್ನು ಹೆಚ್ಚಾಗಿ ಮಾಡಿ ಕೈ ಪಳಗಿದವರ ಬಳಿಗೇ ಹೋಗುವುದು ಜಾಣತನ.

ತೀವ್ರ ರೂಪದ್ದಾದರೆ ಇನ್ನೊಂದು ಎಚ್ಚರ ಬೇಕು. ರಂಧ್ರ ಬುಡದಲ್ಲಿದ್ದು, ಚೀಲದಲ್ಲಿ ಬೀಜಗಳೂ ಕೈಗೆ ಸಿಗದಿದ್ದರೆ ಅಂಥ ಮಗುವನ್ನು ಹುಟ್ಟಿದ ಕೂಡಲೇ ಪೂರ್ತಿ ಪರೀಕ್ಷಿಸಲೇಬೇಕು. ಕೆಲವೊಮ್ಮೆ ಅದು ಗಂಡಲ್ಲದೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ದೋಷದಿಂದ ಗಂಡಿನಂತೆ ಕಾಣುವ ಹೆಣ್ಣುಮಗು ಆಗಿರಬಹುದು. ಆ ದೋಷ ಗುರುತಿಸದಿದ್ದರೆ ದೇಹದ ಉಪ್ಪಿನಂಶ ಸೋರಿಹೋಗಿ ಮಗು ಕೆಲವೇ ವಾರಗಳಲ್ಲಿ ಸಾಯಬಹುದು. ಇಲ್ಲಿ ಮುಚ್ಚಿಡುವುದು ಪ್ರಾಣಕ್ಕೇ ಎರವು.

ಗಂಡು ಹೆಣ್ಣೆಂದು ಸುಲಭಕ್ಕೆ ಹೇಳಲಾಗದಂತೆ ಹುಟ್ಟುವ ಮಕ್ಕಳೂ ಇದ್ದಾರೆ. ಅವರ ದೇಹವನ್ನು ಅವರು ಮಾತು ಕಲಿಯುವ ಮೊದಲೇ ಒಂದು ಕಡೆಗೆ ತಿದ್ದಬಾರದು ಎಂಬ ದನಿ ಈಗ ಗಟ್ಟಿಯಾಗಿದೆ. ಯುರೋಪಿನ ಮಾಲ್ಟಾ 2015ರಲ್ಲಿ ಈ ಬಗ್ಗೆ ಕಾನೂನು ಮಾಡಿತು. ಮದ್ರಾಸ್ ಹೈಕೋರ್ಟಿನ ಮದುರೆ ಪೀಠ 2019ರ ಏಪ್ರಿಲ್‌ನಲ್ಲಿ ನೀಡಿದ ತೀರ್ಪಿನ ನಂತರ, ಜೀವಕ್ಕೆ ಅಪಾಯವಿರುವ ಸಂದರ್ಭ ಬಿಟ್ಟು ಅಂಥ ಶಿಶುಗಳ ಮೇಲೆ ಲಿಂಗ ನಿಗದಿಯ ಶಸ್ತ್ರಕ್ರಿಯೆ ಮಾಡುವುದನ್ನು ತಮಿಳುನಾಡು ಸರಕಾರ ಅದೇ ವರ್ಷ ಆಗಸ್ಟ್‌ನಲ್ಲಿ ನಿಷೇಧಿಸಿತು. ಸೌಮ್ಯ ಹೈಪೋಸ್ಪೇಡಿಯಾಸ್ ಇರುವ ಮಗುವಿಗೆ ಈ ಪ್ರಶ್ನೆ ಏಳುವುದಿಲ್ಲ. ಅವನು ಎಲ್ಲರಂತೆ ಗಂಡುಮಗು, ಮುಂದೆ ಎಲ್ಲರಂತೆ ತಂದೆಯಾಗಬಲ್ಲವನು.

ಮೌನದ ಬೆಲೆ

ನಮ್ಮ ದೇಶದಲ್ಲಿ ಈ ನ್ಯೂನತೆಯಿಂದ ಬಳಲುವವರು ವೈದ್ಯರ ಬಳಿ ಬರುವುದು ಎಷ್ಟೋ ಸಲ ತೀರಾ ತಡವಾಗಿ. ಕೆಲವರು ಹೈಸ್ಕೂಲು ಮುಟ್ಟಿದ ಮೇಲೆ ಬರುತ್ತಾರೆ, ಕೆಲವರು ಮದುವೆ ಗೊತ್ತಾದ ಮೇಲೆ ಓಡೋಡಿ ಬರುತ್ತಾರೆ. ಅಲ್ಲಿಯವರೆಗೆ ಆ ಹುಡುಗ ಶಾಲೆಯಲ್ಲಿ ಗೆಳೆಯರ ಸಾಲಿನಲ್ಲಿ ನಿಂತು ಮೂತ್ರ ಮಾಡಲಾರದೆ ಗಂಟೆಗಟ್ಟಲೆ ತಡೆದುಕೊಂಡಿರುತ್ತಾನೆ. ಕೆರೆಯ ಈಜಿಗೆ, ಶಾಲೆಯ ಪ್ರವಾಸಕ್ಕೆ ನೆಪ ಹೇಳಿ ತಪ್ಪಿಸಿಕೊಂಡಿರುತ್ತಾನೆ. ತನ್ನಂಥವನು ಲೋಕದಲ್ಲಿ ತಾನೊಬ್ಬನೇ ಎಂದುಕೊಂಡಿರುತ್ತಾನೆ. ಅದೇ ಶಾಲೆಯಲ್ಲಿ ಅವನಂಥ ಇನ್ನೊಬ್ಬ ಇರುತ್ತಾನೆ. ಇಬ್ಬರಿಗೂ ಅದು ಗೊತ್ತಿರುವುದಿಲ್ಲ.

ಬಚ್ಚಲಿನ ಅಜ್ಜಿ ನೋಡಿದ್ದು ಸರಿಯಾಗಿಯೇ ಇತ್ತು. ಯಾವ ಯಂತ್ರವೂ ಇಲ್ಲದೆ, ಮಗುವಿನ ಉಚ್ಚೆ ಹರಿದ ದಿಕ್ಕಿನಿಂದಲೇ ಅವಳು ಅದನ್ನು ಕಂಡುಹಿಡಿದಳು. ಆಮೇಲೆ ಹೇಳಿದ ಮಾತು ಮಾತ್ರ ಬದಲಾಗಬೇಕು. ‘ಯಾರ ಹತ್ರಾನೂ ಹೇಳ್ಬೇಡ’ ಎನ್ನುವ ಬದಲು ‘ನಾಳೇನೇ ಡಾಕ್ಟರಿಗೆ ತೋರಿಸೋಣ ಕಣೇ, ಇದು ಬೇಕಾದಷ್ಟು ಮಕ್ಕಳಿಗೆ ಇರುತ್ತಂತೆ’ ಎಂದರೆ, ಆ ಮಗು ದೊಡ್ಡವನಾಗುವ ದಾರಿ ಅರ್ಧ ಹಗುರಾದಂತೆ.